ಹಳೆಯ ಸಾಫ್ಟ್‌ವೇರ್‌ಗೆ ಸಪೋರ್ಟ್ ಕೇಳುವುದು ಹಳಹಳಿಕೆಯಲ್ಲ

ಹೈದರಾಬಾದಿನಲ್ಲಿ ಮೈನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಮೇಲೆ ಕೆಲಸ ಮಾಡುವ ಮಂದಿಯ ನಡುವೆ ಒಂದು ವಾದ ಮತ್ತೆ ಮತ್ತೆ ಏಳುತ್ತದೆ. ಯಾವುದೋ ಕಂಪನಿ ತನ್ನ ಹಳೆಯ ಸಾಫ್ಟ್‌ವೇರ್‌ಗೆ ಇಂಥ ತಾರೀಖಿನಿಂದ ಸಪೋರ್ಟ್ ಇರುವುದಿಲ್ಲ ಎಂದು ಗ್ರಾಹಕರಿಗೆ ಪತ್ರ ಬರೆಯುತ್ತದೆ. ಅದರ ಮೇಲೆ ದಶಕಗಳ ಲೆಕ್ಕಪತ್ರ ನಿಲ್ಲಿಸಿಕೊಂಡ ಬ್ಯಾಂಕೋ ವಿಮಾ ಸಂಸ್ಥೆಯೋ ಕಂಗಾಲಾಗುತ್ತದೆ. ಅಲ್ಲಿಂದ ಬುದ್ಧಿಮಾತು ಶುರು: ಹೆದರುವುದೇಕೆ, ಹಳತನ್ನು ಬಿಡಿ, ಕಾಲಕ್ಕೆ ತಕ್ಕಂತೆ ಬದಲಾಗಿ. ಹೈಟೆಕ್ ಸಿಟಿಯ ಸಭೆಗಳಲ್ಲಿ ಇದನ್ನು ಹೇಳುವವರು ಜಾಣರೇ, ಅವರ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಅವರ ವಾದದಲ್ಲಿ ಹುರುಳು ಕಡಿಮೆ. ನಾನು ರಾಯಚೂರು ಕಡೆಯವನು. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಮೈನ್‌ಫ್ರೇಮಿನ ಕೋಬಾಲ್ ಭಾಷೆ ಕಲಿತು ಇದೇ ಊರಿನಲ್ಲಿ ಅದರಿಂದಲೇ ಅನ್ನ ತಿಂದವನು. ಗ್ರಾಹಕರ ಆತಂಕ ನ್ಯಾಯವಾದದ್ದು, ಅದನ್ನು ಅವರು ಗಟ್ಟಿಯಾಗಿಯೇ ಹೇಳಬೇಕು ಎಂಬುದು ನನ್ನ ನಿಲುವು. ಎದುರು ಪಕ್ಷದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

“ಅದು ಅರವತ್ತರ ದಶಕದ ಸರಕು, ಅದಕ್ಕೆ ಸಪೋರ್ಟ್ ಯಾಕೆ?” ಎನ್ನುವುದು ಮೊದಲ ಮಾತು.

ಹುಟ್ಟಿದ್ದು ಅರವತ್ತರ ದಶಕದಲ್ಲಿ, ನಿಜ. ಐಬಿಎಂ ತನ್ನ ಸಿಸ್ಟಮ್/360 ಮೈನ್‌ಫ್ರೇಮ್ ಯಂತ್ರಗಳನ್ನು ಪ್ರಕಟಿಸಿದ್ದು 1964ರ ಏಪ್ರಿಲ್‌ನಲ್ಲಿ. ಆದರೆ ಅದೇ ವಂಶದ ಜೆಡ್17 ಯಂತ್ರ ಬಂದದ್ದು 2025ರಲ್ಲಿ. ಹಿಂದೆ ಬರೆದ ಪ್ರೋಗ್ರಾಮ್ ಮುಂದಿನ ಯಂತ್ರದಲ್ಲೂ ಓಡಬೇಕು ಎಂಬ ಹಟದಿಂದಲೇ ಆ ವಂಶ ಬೆಳೆದಿದೆ. ಗ್ರಾಹಕ ಅದನ್ನು ಕೊಂಡದ್ದೂ ಆ ಮಾತನ್ನು ನಂಬಿ. ಇಷ್ಟು ವರ್ಷ ನಂಬಿದವನನ್ನು ಈಗ ಹಿಂದುಳಿದವನು ಎಂದು ಕರೆಯುವುದು ಅನ್ಯಾಯ.

ಹಳತು ಅಂದರೆ ಕೆಲಸಕ್ಕೆ ಬಾರದ್ದು ಅಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಸಿಕಂದರಾಬಾದಿಗೆ ಬಂದರೆ ಸಾಕು. ರೈಲ್ವೆ ಟಿಕೆಟ್ ಕಾಯ್ದಿರಿಸುವ ಮೊದಲ ಕಂಪ್ಯೂಟರ್ ವ್ಯವಸ್ಥೆ ‘ಇಂಪ್ರೆಸ್’ ಅನ್ನು ಸಿಎಂಸಿ ಎಂಬ ಸರ್ಕಾರಿ ಸಂಸ್ಥೆ ಎಂಬತ್ತರ ದಶಕದ ನಡುವಿನಲ್ಲಿ ದೆಹಲಿಯಲ್ಲಿ ಕಟ್ಟಿತು. ಯಂತ್ರ ಡಿಜಿಟಲ್ ಎಂಬ ಕಂಪನಿಯ ವ್ಯಾಕ್ಸ್, ಆಪರೇಟಿಂಗ್ ಸಿಸ್ಟಮ್ ವಿಎಂಎಸ್, ಭಾಷೆ ಫೋರ್‌ಟ್ರಾನ್. ಮುಂದೆ ರೈಲ್ವೆಯದೇ ಸಂಸ್ಥೆಯಾದ ಕ್ರಿಸ್ ‘ಕನ್ಸರ್ಟ್’ ಎಂಬ ಹೊಸ ವ್ಯವಸ್ಥೆ ಬರೆದಾಗ ಅದನ್ನು ಮೊದಲು ಜಾರಿಗೆ ತಂದದ್ದು 1994ರಲ್ಲಿ, ಸಿಕಂದರಾಬಾದಿನಲ್ಲಿ. ಆಗ ನಮ್ಮ ಹುಬ್ಬಳ್ಳಿ ವಿಭಾಗವೂ ಸಿಕಂದರಾಬಾದನ್ನು ಕೇಂದ್ರವಾಗಿಟ್ಟುಕೊಂಡ ದಕ್ಷಿಣ ಮಧ್ಯ ರೈಲ್ವೆಗೇ ಸೇರಿತ್ತು. 1999ರ ಹೊತ್ತಿಗೆ ದೇಶದ ಐದೂ ಕೇಂದ್ರಗಳು ಒಂದಕ್ಕೊಂದು ಬೆಸೆದುಕೊಂಡು, ಹುಬ್ಬಳ್ಳಿಯ ಕೌಂಟರಿನಲ್ಲಿ ನಿಂತವನು ದೆಹಲಿಯಿಂದ ಹೊರಡುವ ರೈಲಿಗೂ ಸೀಟು ಹಿಡಿಯುವಂತಾಯಿತು. ಕಟ್ಟುನಿಟ್ಟಾಗಿ ನೋಡಿದರೆ ವ್ಯಾಕ್ಸ್ ಯಂತ್ರ ಮೈನ್‌ಫ್ರೇಮ್ ಅಲ್ಲ. ಆದರೂ ನಾವು ಮಾತಾಡುತ್ತಿರುವ ಸಂಕಟಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಕಡೆ ಇಲ್ಲ. ಇದರ ಕಥೆಗೆ ಮತ್ತೆ ಬರುತ್ತೇನೆ.

“ಸಾಫ್ಟ್‌ವೇರ್ ಏನು ಸವೆಯುತ್ತದೆಯೇ? ಸಪೋರ್ಟ್ ಇಲ್ಲದಿದ್ದರೆ ಬೇಡ, ಇದ್ದ ಹಾಗೇ ಓಡಿಸಿಕೊಳ್ಳಿ.”

ಇದು ಕೇಳಲು ಎಷ್ಟು ಸರಳವೋ ಮಾಡಲು ಅಷ್ಟೇ ಅಪಾಯ. ಮೈನ್‌ಫ್ರೇಮಿನ ಎಷ್ಟೋ ಪ್ರಾಡಕ್ಟ್‌ಗಳು ಲೈಸೆನ್ಸ್ ಕೀ ಇಲ್ಲದೆ ಏಳುವುದೇ ಇಲ್ಲ. ಆ ಕೀಗೆ ಅವಧಿ ಇರುತ್ತದೆ, ಅದು ಒಂದು ನಿರ್ದಿಷ್ಟ ಯಂತ್ರದ ಸೀರಿಯಲ್ ನಂಬರಿಗೆ ಕಟ್ಟುಬಿದ್ದಿರುತ್ತದೆ. ಯಂತ್ರ ಬದಲಾಯಿಸಿದರೆ ಹೊಸ ಕೀ ಬೇಕು. ಬೆಂಕಿಯೋ ನೆರೆಯೋ ಬಂದಾಗ ಇನ್ನೊಂದು ಊರಿನ ಡಿಆರ್ ಸೈಟ್‌ನಲ್ಲಿ ಕೆಲಸ ಮುಂದುವರಿಸಬೇಕಾದರೂ ಕೀ ಬೇಕು. ಕೀ ಕೊಡುವವನು ಬಾಗಿಲು ಹಾಕಿಕೊಂಡ ಮೇಲೆ ‘ಇದ್ದ ಹಾಗೇ’ ಎಂಬ ಸ್ಥಿತಿಯೇ ಉಳಿಯುವುದಿಲ್ಲ.

ಇನ್ನು ರಾತ್ರಿಪಾಳಿಯ ಮಾತು. ಮೈನ್‌ಫ್ರೇಮಿನ ಹಗಲು ಆನ್‌ಲೈನಿಗೆ, ರಾತ್ರಿ ಬ್ಯಾಚಿಗೆ. ದಿನವಿಡೀ ಬಂದ ವಹಿವಾಟುಗಳನ್ನೆಲ್ಲ ರಾತ್ರಿ ನೂರಾರು ಜಾಬ್‌ಗಳು ಸಾಲಾಗಿ ಓಡಿ ಲೆಕ್ಕಕ್ಕೆ ಹಾಕುತ್ತವೆ. ನಡುವೆ ಒಂದು ಜಾಬ್ ಅಬೆಂಡ್ ಆದರೆ, ಅಂದರೆ ಅರ್ಧಕ್ಕೇ ಬಿದ್ದರೆ, ಅದರ ನಂತರದವೆಲ್ಲ ನಿಂತುಬಿಡುತ್ತವೆ. ನಾವು ‘ಸಾಕ್ ಸೆವೆನ್’ ಎಂದು ಕರೆಯುವ ಎಸ್0ಸಿ7 ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಅಬೆಂಡ್. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು, ಬಹಳ ಸಲ ಬರೀ ಖಾಲಿ ಜಾಗ, ಬಂದು ಕೂತಾಗ ಯಂತ್ರ ಲೆಕ್ಕ ಮಾಡಲಾರೆ ಎಂದು ಕೈ ಚೆಲ್ಲುತ್ತದೆ. ನಮ್ಮದೇ ಪ್ರೋಗ್ರಾಮ್ ಆದರೆ ದಾರಿ ಇದೆ. ಬಿದ್ದ ಹೊತ್ತಿನ ಮೆಮೊರಿಯ ನಕಲಾದ ಡಂಪ್ ತೆರೆದು, ಬಿದ್ದ ಜಾಗ ತೋರಿಸುವ ಆಫ್‌ಸೆಟ್ ನೋಡಿ, ಕಂಪೈಲ್ ಲಿಸ್ಟಿಂಗ್‌ನಲ್ಲಿ ಆ ಸಾಲು ಹುಡುಕಿ, ಕೆಟ್ಟ ರೆಕಾರ್ಡನ್ನು ಪಕ್ಕಕ್ಕಿಟ್ಟು, ನಿಂತ ಸ್ಟೆಪ್ಪಿನಿಂದ ಜಾಬನ್ನು ಮತ್ತೆ ಓಡಿಸುತ್ತೇವೆ. ಆದರೆ ಆಫ್‌ಸೆಟ್ಟು ವೆಂಡರಿನ ಮಾಡ್ಯೂಲ್ ಒಳಗೆ ಬೆರಳು ತೋರಿಸಿದರೆ? ಅದರ ಲಿಸ್ಟಿಂಗ್ ನಮ್ಮ ಹತ್ತಿರ ಇರುವುದಿಲ್ಲ. ಡಂಪನ್ನು ವೆಂಡರಿಗೆ ಕಳಿಸಬೇಕು, ಅವರು ನೋಡಿ ತಿದ್ದುಪಡಿ ಕಳಿಸಬೇಕು.

ನಾನು ಕೆಲಸ ಮಾಡಿದ ಒಂದು ವಿಮಾ ಸಂಸ್ಥೆಯಲ್ಲಿ ಹೀಗೇ ಆಯಿತು. ಫೈಲುಗಳನ್ನು ವಿಂಗಡಿಸುವ ಒಂದು ಪ್ರಾಡಕ್ಟ್ ಮಧ್ಯರಾತ್ರಿ ದಾಟಿದ ಮೇಲೆ ಬಿತ್ತು. ಅದರ ಸಪೋರ್ಟ್ ಹಿಂದಿನ ವರ್ಷವೇ ಮುಗಿದಿತ್ತು. ಟಿಕೆಟ್ ಹಾಕಲು ಹೋದರೆ ನಮ್ಮ ಗ್ರಾಹಕ ಸಂಖ್ಯೆಯನ್ನೇ ಅವರ ವ್ಯವಸ್ಥೆ ಒಪ್ಪಲಿಲ್ಲ. ಆ ಒಂದು ಸ್ಟೆಪ್ಪಿನ ಕೆಲಸ ಮಾಡುವ ಕೋಬಾಲ್ ಪ್ರೋಗ್ರಾಮನ್ನು ನಾವೇ ಕೂತು ಬರೆದೆವು. ಅಷ್ಟರಲ್ಲಿ ಬೆಳಕು ಹರಿಯಿತು, ಶಾಖೆಗಳು ಹಿಂದಿನ ದಿನದ ಫೈಲ್ ಇಟ್ಟುಕೊಂಡೇ ಬಾಗಿಲು ತೆರೆದವು. ಹಿಂದಿನ ಸಂಜೆ ಪ್ರೀಮಿಯಂ ಕಟ್ಟಿ ರಸೀದಿ ಪಡೆದವರ ಹೆಸರು ಮಧ್ಯಾಹ್ನದವರೆಗೂ ಬಾಕಿದಾರರ ಪಟ್ಟಿಯಲ್ಲೇ ಇತ್ತು. ಅವರಲ್ಲಿ ಯಾರಿಗಾದರೂ ಆ ಬೆಳಿಗ್ಗೆಯೇ ಕ್ಲೇಮು ಬೇಕಾಗಿದ್ದರೆ ಏನು ಉತ್ತರ ಕೊಡುತ್ತಿದ್ದೆವು? ಸಾಫ್ಟ್‌ವೇರ್ ಸವೆಯುವುದಿಲ್ಲ ಎನ್ನುವವರು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಕಾನೂನೂ ನಿಂತಲ್ಲಿ ನಿಲ್ಲುವುದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ತೆರಿಗೆ ಮುಟ್ಟುವ ಪ್ರತಿಯೊಂದು ಪ್ರೋಗ್ರಾಮನ್ನೂ ತೆರೆದು ತಿದ್ದಬೇಕಾಯಿತು. ರಿಸರ್ವ್ ಬ್ಯಾಂಕ್ ಕೂಡ ಸುಮ್ಮನಿಲ್ಲ. 2023ರ ನವೆಂಬರ್‌ನಲ್ಲಿ ಅದು ಹೊರಡಿಸಿ, 2024ರ ಏಪ್ರಿಲ್‌ನಿಂದ ಜಾರಿಗೆ ತಂದ ಐಟಿ ಆಡಳಿತದ ನಿರ್ದೇಶನ ಸ್ಪಷ್ಟವಾಗಿದೆ: ಸಪೋರ್ಟ್ ಇಲ್ಲದ ಯಂತ್ರ, ಸಾಫ್ಟ್‌ವೇರ್ ಬಳಸುವುದನ್ನು ತಪ್ಪಿಸಬೇಕು, ಸಪೋರ್ಟ್ ಮುಗಿಯುವ ದಿನಾಂಕಗಳ ಮೇಲೆ ಸದಾ ಕಣ್ಣಿಡಬೇಕು. ಅಂದಮೇಲೆ ಆತಂಕಪಡುವ ಬ್ಯಾಂಕು ತನ್ನ ಕರ್ತವ್ಯವನ್ನೇ ಮಾಡುತ್ತಿದೆ.

“ಮಾರುವುದೂ ನಿಲ್ಲಿಸುವುದೂ ಕಂಪನಿಯ ಹಕ್ಕು. ನೋಟಿಸು ಕೊಟ್ಟಿದ್ದಾರಲ್ಲ.”

ಹಕ್ಕು ಇದೆ, ಒಪ್ಪುತ್ತೇನೆ. ನಷ್ಟವಾಗುವ ಸರಕನ್ನು ಕೊನೆಯಿಲ್ಲದಂತೆ ಪೋಷಿಸಿ ಎಂದು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ರೀತಿಯ ಬಗ್ಗೆ ನಮ್ಮ ತಕರಾರು. ಜಪಾನಿನ ಫುಜಿತ್ಸು ತನ್ನ ಮೈನ್‌ಫ್ರೇಮ್ ಮಾರಾಟವನ್ನು 2030ರ ಹೊತ್ತಿಗೆ, ಸಪೋರ್ಟನ್ನು 2035ಕ್ಕೆ ಮುಗಿಸುವುದಾಗಿ 2022ರಲ್ಲೇ ಹೇಳಿತು. ಇದು ಮರ್ಯಾದೆಯ ನೋಟಿಸು. ಎಚ್‌ಪಿ ಕಂಪನಿ 2001ರ ನವೆಂಬರ್‌ನಲ್ಲಿ ಎಚ್‌ಪಿ3000 ಯಂತ್ರಗಳಿಗೆ ಐದು ವರ್ಷದ ಗಡುವು ಕೊಟ್ಟಿತು. ಗ್ರಾಹಕರಿಗೆ ಅಷ್ಟರಲ್ಲಿ ಬದಲಾಯಿಸಿಕೊಳ್ಳಲು ಆಗದೆ ಗಡುವನ್ನು ಎರಡು ಸಲ ಮುಂದೂಡಿ 2010ರವರೆಗೆ ಎಳೆಯಬೇಕಾಯಿತು. ಮೊದಲು ಕೊಟ್ಟ ಗಡುವು ಸಾಲದು ಎಂದು ಕಂಪನಿಯೇ ಒಪ್ಪಿಕೊಂಡಂತಾಯಿತಲ್ಲ.

ಒರಾಕಲ್ ಇನ್ನೂ ಬಿರುಸಾಗಿ ನಡೆದುಕೊಂಡಿತು. ಇಂಟೆಲ್‌ನ ಇಟಾನಿಯಂ ಚಿಪ್‌ಗೆ ಇನ್ನು ತಾನು ಹೊಸ ಸಾಫ್ಟ್‌ವೇರ್ ಬರೆಯುವುದಿಲ್ಲ ಎಂದು 2011ರ ಮಾರ್ಚ್‌ನಲ್ಲಿ ಘೋಷಿಸಿಬಿಟ್ಟಿತು. ಆ ಚಿಪ್ಪಿನ ಸರ್ವರ್ ಮಾರುತ್ತಿದ್ದ ಎಚ್‌ಪಿ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋಯಿತು. ಒಪ್ಪಂದದಂತೆ ಒರಾಕಲ್ ಸಾಫ್ಟ್‌ವೇರ್ ಕೊಡುವುದನ್ನು ಮುಂದುವರಿಸಲೇಬೇಕು ಎಂದು 2012ರಲ್ಲಿ ತೀರ್ಪು ಬಂತು. 2016ರಲ್ಲಿ ಜ್ಯೂರಿ ಮುನ್ನೂರು ಕೋಟಿ ಡಾಲರ್ ಪರಿಹಾರ ವಿಧಿಸಿತು. ನಿಲ್ಲಿಸುವ ಹಕ್ಕಿಗೂ ಒಂದು ಎಲ್ಲೆ ಇದೆ ಎಂದು ನ್ಯಾಯಾಲಯವೇ ಹೇಳಿದ ಮೇಲೆ, ಗ್ರಾಹಕ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕೆ?

“ಕೂಗಾಡಿ ಏನು ಸಿಗುತ್ತದೆ? ಕಂಪನಿಗಳು ತೀರ್ಮಾನ ಬದಲಿಸುವುದಿಲ್ಲ.”

ಬದಲಿಸಿವೆ. ಸಿಕಂದರಾಬಾದಿನ ಕಥೆಗೆ ಈಗ ಬರೋಣ. ರೈಲ್ವೆ ವ್ಯವಸ್ಥೆಗೆ ಆಧಾರವಾಗಿದ್ದ ವಿಎಂಎಸ್ ಮುಂದೆ ಓಪನ್‌ವಿಎಂಎಸ್ ಎಂಬ ಹೆಸರು ಪಡೆಯಿತು. ಅದನ್ನು ಕಟ್ಟಿದ ಡಿಜಿಟಲ್ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು, ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ಕೊಂಡಿತು. 2009ರ ಸುಮಾರಿಗೆ ಎಚ್‌ಪಿ ಅದರ ಎಂಜಿನಿಯರಿಂಗ್ ಕೆಲಸವನ್ನು ಅಮೆರಿಕದಿಂದ ಬೆಂಗಳೂರಿಗೆ ತಂದಿತು. ಜಗತ್ತಿನ ರೈಲು, ಷೇರುಪೇಟೆ, ಆಸ್ಪತ್ರೆಗಳು ನೆಚ್ಚಿದ ಆಪರೇಟಿಂಗ್ ಸಿಸ್ಟಮ್ಮನ್ನು ನಮ್ಮ ರಾಜ್ಯದ ರಾಜಧಾನಿಯಲ್ಲಿ ಕೂತವರು ನೋಡಿಕೊಳ್ಳುತ್ತಿದ್ದರು ಎಂಬುದು ಕನ್ನಡಿಗರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಆಮೇಲೆ 2013ರ ಜೂನ್‌ನಲ್ಲಿ ಎಚ್‌ಪಿ, ಹೊಸ ಪೀಳಿಗೆಯ ಇಟಾನಿಯಂ ಸರ್ವರ್‌ಗಳಿಗೆ ಓಪನ್‌ವಿಎಂಎಸ್ ತರುವುದಿಲ್ಲ, ಇದ್ದದ್ದಕ್ಕೆ 2020ರವರೆಗೆ ಮಾತ್ರ ಸಪೋರ್ಟ್ ಎಂದಿತು. ಫ್ರಾನ್ಸಿನ ಬಳಕೆದಾರರ ಸಂಘ ಎಚ್‌ಪಿ ಮುಖ್ಯಸ್ಥೆ ಮೆಗ್ ವಿಟ್ಮನ್ ಅವರಿಗೆ ಬಹಿರಂಗ ಪತ್ರ ಬರೆಯಿತು. ಬೇರೆ ದೇಶಗಳ ಗ್ರಾಹಕರೂ ದನಿಗೂಡಿಸಿದರು. ಒಂದು ವರ್ಷ ಕಳೆದು, 2014ರ ಜುಲೈ ಕೊನೆಗೆ, ಎಚ್‌ಪಿ ತನ್ನ ಹಟ ಬಿಟ್ಟು ಅದರ ಮುಂದಿನ ಬೆಳವಣಿಗೆಯ ಹಕ್ಕನ್ನು ವಿಎಂಎಸ್ ಸಾಫ್ಟ್‌ವೇರ್ ಎಂಬ ಹೊಸ ಕಂಪನಿಗೆ ಲೈಸೆನ್ಸ್ ಮೂಲಕ ಕೊಟ್ಟಿತು. ಹಳೆಯ ಡಿಜಿಟಲ್ ಎಂಜಿನಿಯರುಗಳು ಅಲ್ಲಿಗೆ ಮರಳಿ ಬಂದರು. ಎಲ್ಲ ಕಡೆ ಸಿಗುವ ಸಾಮಾನ್ಯ ಎಕ್ಸ್86 ಸರ್ವರ್‌ಗಳಲ್ಲಿ ಓಡುವ ಆವೃತ್ತಿಯನ್ನು ಅವರು 2022ರಲ್ಲಿ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಇಂಟೆಲ್ ಇಟಾನಿಯಂ ಚಿಪ್ ರವಾನೆಯನ್ನೇ 2021ರಲ್ಲಿ ನಿಲ್ಲಿಸಿತ್ತು. ಗ್ರಾಹಕರು ಗಲಾಟೆ ಮಾಡದೆ ಸುಮ್ಮನಿದ್ದಿದ್ದರೆ, ಎಚ್‌ಪಿ ಕೊಟ್ಟ ಗಡುವು ಮುಗಿದ ಮೇಲೆ ಅವರ ಕೈಯಲ್ಲಿ ಚಿಪ್ಪೂ ಇರುತ್ತಿರಲಿಲ್ಲ, ಸಾಫ್ಟ್‌ವೇರೂ ಇರುತ್ತಿರಲಿಲ್ಲ.

ಐಡಿಎಂಎಸ್ ಎಂಬ ಡೇಟಾಬೇಸಿನ ವಿಚಾರವೂ ಹೀಗೇ. ಟೈರು ಮಾಡುತ್ತಿದ್ದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ಹುಟ್ಟಿ, ಕಲಿನೆಟ್ ಕಂಪನಿಯ ಕೈಗೆ ಬಂದು, 1989ರಲ್ಲಿ ಸಿಎ ಎಂಬ ಸಾಫ್ಟ್‌ವೇರ್ ಕಂಪನಿಯ ಪಾಲಾಗಿ, 2018ರಲ್ಲಿ ಸಿಎ ಸಮೇತ ಬ್ರಾಡ್‌ಕಾಮ್ ಮಡಿಲು ಸೇರಿತು. ಪ್ರತಿ ಸಲ ಕೈ ಬದಲಾದಾಗಲೂ ಗ್ರಾಹಕರು ಬೆಚ್ಚಿದರು. ಅದು ಇಂದಿಗೂ ಸತ್ತಿಲ್ಲ, ಆ ಭಯ ಸುಳ್ಳಾಯಿತು ಎಂದು ಎದುರಿನವರು ಹೇಳಬಹುದು. ಕೇಳುವ ಗ್ರಾಹಕ ಇದ್ದುದರಿಂದಲೇ ಅದು ಉಳಿಯಿತು ಎನ್ನುವವನು ನಾನು.

“1978ರಲ್ಲಿ ಐಬಿಎಂ ದೇಶ ಬಿಟ್ಟೇ ಹೋಯಿತು. ಆಕಾಶ ಕಳಚಿ ಬಿತ್ತೇ?”

ಹೈದರಾಬಾದಿನಲ್ಲಿ ಈ ವಾದವನ್ನು ಅಭಿಮಾನದಿಂದ ಹೇಳುತ್ತಾರೆ. ಆ ಅಭಿಮಾನ ನನಗೂ ಇದೆ. ಆದರೆ ಈ ಉದಾಹರಣೆ ಅವರ ಕಡೆ ಸಾಕ್ಷಿ ಹೇಳುವುದಿಲ್ಲ, ನಮ್ಮ ಕಡೆ ಹೇಳುತ್ತದೆ.

1973ರ ವಿದೇಶಿ ವಿನಿಮಯ ಕಾಯ್ದೆ ಫೆರಾ, ವಿದೇಶಿ ಕಂಪನಿಗಳು ಇಲ್ಲಿನ ಅಂಗಸಂಸ್ಥೆಯಲ್ಲಿ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕು ಎಂದಿತು. ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರೂ ಬಗ್ಗಲಿಲ್ಲ. 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು. ದೇಶದ 800ಕ್ಕೂ ಹೆಚ್ಚು ಕಡೆ ಇದ್ದ ಅದರ ಯಂತ್ರಗಳ ನಿರ್ವಹಣೆ ಸಿಎಂಸಿಯ ಹೆಗಲಿಗೆ ಬಿತ್ತು. ಅವು ನಿಲ್ಲಲಿಲ್ಲ, ಓಡಿದವು. ಅದೇ ಸಿಎಂಸಿ ಮುಂದೆ ಹೈದರಾಬಾದಿನಲ್ಲಿ ಸಂಶೋಧನಾ ಕೇಂದ್ರ ತೆರೆದು, ಗಚ್ಚಿಬೌಲಿಯಲ್ಲಿ ನೆಲೆ ಮಾಡಿಕೊಂಡು, 2015ರಲ್ಲಿ ಟಿಸಿಎಸ್‌ನಲ್ಲಿ ವಿಲೀನವಾಗುವವರೆಗೂ ಈ ಊರಿನ ಹೆಸರಿಗೆ ಅಂಟಿಕೊಂಡೇ ಇತ್ತು.

ಅವು ಯಾಕೆ ಓಡಿದವು? ಸಿಎಂಸಿ ಹುಟ್ಟಿದ್ದು 1975ರ ಡಿಸೆಂಬರ್‌ನಲ್ಲಿ, ಅಂದರೆ ಐಬಿಎಂ ಹೊರಡುವುದಕ್ಕೆ ಎರಡು ವರ್ಷಕ್ಕೂ ಮೊದಲು. ಒಂದು ದಿನ ಇವರು ಹೋದರೆ ಗತಿಯೇನು ಎಂದು ಸರ್ಕಾರದಲ್ಲಿ ಯಾರೋ ಮೊದಲೇ ಆತಂಕಪಟ್ಟಿದ್ದರು. ಐಬಿಎಂನ ಭಾರತೀಯ ಎಂಜಿನಿಯರುಗಳಲ್ಲಿ ಹಲವರು ಸಿಎಂಸಿಗೆ ಬಂದರು, ಕೆಲವರು ಐಡಿಎಂ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಯಂತ್ರದ ಗುಟ್ಟು ಬಲ್ಲವರು ದೇಶದೊಳಗೇ ಉಳಿದರು. ಯಂತ್ರಗಳೂ ಕೈಗೆ ಎಟುಕುವಂಥವು. ಇಲ್ಲಿ ಹೆಚ್ಚಾಗಿ ಇದ್ದ 1401 ಯಂತ್ರದ ಒಳಗೆ ಅಂಗೈಯಗಲದ ಟ್ರಾನ್ಸಿಸ್ಟರ್ ಕಾರ್ಡುಗಳು ಸಾಲಾಗಿ ಕೂತಿರುತ್ತಿದ್ದವು. ಕೆಟ್ಟ ಕಾರ್ಡನ್ನು ಹುಡುಕಿ ಹೊರಗೆಳೆದು, ಸುಟ್ಟ ಟ್ರಾನ್ಸಿಸ್ಟರ್ ಕಿತ್ತು, ಹೊಸದನ್ನು ಬೆಸುಗೆ ಹಾಕಿ ಮತ್ತೆ ತೂರಿಸಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಸೋರ್ಸ್ ಕೋಡ್. ಆ ಕಾಲದಲ್ಲಿ ಐಬಿಎಂ ತನ್ನ ಸಿಸ್ಟಮ್ ಸಾಫ್ಟ್‌ವೇರಿನ ಬಹುಭಾಗವನ್ನು ಸೋರ್ಸ್ ಸಮೇತ ಕೊಡುತ್ತಿತ್ತು. ಓದಿ ತಿಳಿಯಬಹುದಿತ್ತು, ತಿದ್ದಬಹುದಿತ್ತು. 1983ರಲ್ಲಿ ಐಬಿಎಂ ನೀತಿ ಬದಲಿಸಿತು, ಇನ್ನು ಮುಂದೆ ಆಬ್ಜೆಕ್ಟ್ ಕೋಡ್ ಮಾತ್ರ ಎಂದಿತು. ಬೇರೆ ಕಂಪನಿಗಳದ್ದೂ ಅದೇ ದಾರಿಯಾಯಿತು. ಇಂದು ಒಬ್ಬ ವೆಂಡರ್ ಎದ್ದು ಹೋದರೆ ಗ್ರಾಹಕನ ಕೈಯಲ್ಲಿ ಉಳಿಯುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಬಿಟ್‌ಗಳ ರಾಶಿ. ಎಂಥ ನಿಪುಣ ಎಂಜಿನಿಯರನ್ನು ತಂದರೂ ಆ ರಾಶಿಯಿಂದ ಒಂದು ದೋಷ ಹುಡುಕಲು ತಿಂಗಳುಗಳು ಬೇಕು, ಹಾಗೆ ಬಿಚ್ಚಿ ನೋಡಲು ಲೈಸೆನ್ಸ್ ಒಪ್ಪುವುದೂ ಇಲ್ಲ. ಮುನ್ನೆಚ್ಚರಿಕೆ, ಮನುಷ್ಯರು, ಸೋರ್ಸ್ ಇದ್ದುದರಿಂದ 1978ನ್ನು ದಾಟಿದೆವು. ಅವಿಲ್ಲದವರಿಗೆ ಅದನ್ನೇ ಧೈರ್ಯವಾಗಿ ಹೇಳುವುದು ಸರಿಯಲ್ಲ.

“ಕ್ಲೌಡ್‌ಗೆ ಹೋಗಿ, ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ.”

ಹೋಗಬೇಡಿ ಎಂದು ನಾನೂ ಹೇಳುವುದಿಲ್ಲ. ಗಡುವಿನ ಕತ್ತಿ ತಲೆಯ ಮೇಲಿಟ್ಟುಕೊಂಡು ಹೋಗಬೇಡಿ ಎನ್ನುತ್ತೇನೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್, ಹಿಂದಿನ ಒಡೆಯ ಲಾಯ್ಡ್ಸ್‌ನ ವ್ಯವಸ್ಥೆಯಿಂದ ಹೊಸ ಒಡೆಯ ಸಬಾಡೆಲ್‌ನ ವ್ಯವಸ್ಥೆಗೆ 2018ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಜಿಗಿಯಿತು. ಸೋಮವಾರ ಜನರಿಗೆ ತಮ್ಮ ಖಾತೆಯೇ ಕಾಣಲಿಲ್ಲ. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ವ್ಯವಹಾರ ಪೂರ್ತಿ ಸರಿಹೋಗಲು ಡಿಸೆಂಬರ್ ಬೇಕಾಯಿತು. 2022ರಲ್ಲಿ ಅಲ್ಲಿನ ನಿಯಂತ್ರಕರು ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದರು.

ನಮ್ಮ ರೈಲ್ವೆಯೂ ಈಗ ಬದಲಾವಣೆಯ ದಾರಿಯಲ್ಲಿದೆ. ಈಗಿನ ಕಾಯ್ದಿರಿಸುವಿಕೆ ವ್ಯವಸ್ಥೆ 2010ರಲ್ಲಿ ಜಾರಿಗೆ ಬಂದದ್ದು, ಇಟಾನಿಯಂ ಸರ್ವರ್ ಮತ್ತು ಓಪನ್‌ವಿಎಂಎಸ್ ಮೇಲೆ ಓಡುತ್ತದೆ, ಅದನ್ನು ಕ್ಲೌಡಿಗೆ ಹೊಂದುವ ತಂತ್ರಜ್ಞಾನಕ್ಕೆ ಬದಲಿಸಬೇಕಿದೆ ಎಂದು ರೈಲ್ವೆ ಸಚಿವರು ಸಂಸತ್ತಿಗೆ ಲಿಖಿತವಾಗಿ ತಿಳಿಸಿದ್ದಾರೆ. ನಿಮಿಷಕ್ಕೆ ಒಂದೂವರೆ ಲಕ್ಷ ಟಿಕೆಟ್ ಕೊಡುವ ಗುರಿ ಇದೆ. ಒಳ್ಳೆಯದು. ಈ ಬದಲಾವಣೆಗೆ ಯೋಚಿಸಲು ಸಮಯ ಸಿಕ್ಕಿದ್ದು, ತತ್ಕಾಲ್ ಹೊತ್ತಿನ ನೂಕುನುಗ್ಗಲನ್ನು ಹಳೆಯ ವ್ಯವಸ್ಥೆ ಇಷ್ಟು ವರ್ಷ ತಡೆದುಕೊಂಡು ನಿಂತದ್ದರಿಂದ.

“ಇದೆಲ್ಲ ಕೋಬಾಲ್ ಮಂದಿ ತಮ್ಮ ಕೆಲಸ ಉಳಿಸಿಕೊಳ್ಳಲು ಹಬ್ಬಿಸುವ ಭಯ.”

ಈ ಮಾತು ನನಗೆ ನೋವು ತರುತ್ತದೆ. ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತಲ ಕಟ್ಟಡಗಳಲ್ಲಿ ರಾಯಚೂರು, ಬೀದರ್, ಕಲಬುರಗಿ, ಬಳ್ಳಾರಿಯಿಂದ ಬಂದ ಹುಡುಗ ಹುಡುಗಿಯರು ಹಾಸ್ಟೆಲಿನಲ್ಲಿದ್ದುಕೊಂಡು ಕೋಬಾಲ್, ಜೆಸಿಎಲ್, ಡಿಬಿ2 ಕಲಿಯುತ್ತ ಬಂದಿದ್ದಾರೆ. ಕೋಬಾಲ್ ಸಾಲಿನ ಎಂಟನೆಯ ಕಾಲಮ್ಮಿನಿಂದ ಏನು ಬರೆಯಬೇಕು, ಹನ್ನೆರಡನೆಯದರಿಂದ ಏನು ಎಂಬಲ್ಲಿಂದ ಶುರುಮಾಡಿ, ಪರದೇಶದ ಬ್ಯಾಂಕುಗಳ ರಾತ್ರಿ ಬ್ಯಾಚನ್ನು ಹೊತ್ತು ನಡೆಸಿದವರು ಇವರು. ಹಳೆಯ ಪ್ರಾಡಕ್ಟು ಒಂದು ಹೋದರೆ ಇವರಿಗೆ ಕೆಲಸ ಕಡಿಮೆಯಾಗುವುದಿಲ್ಲ. ಡೇಟಾ ಸಾಗಿಸುವ, ಹಳೆ ಹೊಸ ಲೆಕ್ಕ ತಾಳೆ ನೋಡುವ ಕೆಲಸಕ್ಕೆ ಇವರನ್ನೇ ಕರೆಯುತ್ತಾರೆ. ಸ್ವಾರ್ಥವೇ ಲೆಕ್ಕಕ್ಕೆ ಬಂದರೆ ಇವರು ಬದಲಾವಣೆಗೆ ಜೈ ಎನ್ನಬೇಕಿತ್ತು. ಆದರೂ ಎಚ್ಚರಿಕೆ ಹೇಳುತ್ತಾರೆ, ಏಕೆಂದರೆ ಒಳಗೆ ಏನಿದೆ ಎಂದು ಇವರಿಗೆ ಗೊತ್ತು.

ರಿಸರ್ವ್ ಬ್ಯಾಂಕಿನ ಆ ನಿರ್ದೇಶನದಲ್ಲಿ ಇನ್ನೊಂದು ಮಾತಿದೆ: ಮುಖ್ಯವಾದ ಸಾಫ್ಟ್‌ವೇರಿನ ಸೋರ್ಸ್ ಕೋಡನ್ನು ವೆಂಡರಿನಿಂದ ಪಡೆಯಬೇಕು, ಆಗದಿದ್ದರೆ ಅದನ್ನು ಮೂರನೆಯವರ ಬಳಿ ಎಸ್ಕ್ರೋ ಇಡಿಸುವಂಥ ವ್ಯವಸ್ಥೆ ಮಾಡಿಕೊಳ್ಳಬೇಕು. ಈ ನಿರ್ದೇಶನ ಮುಖ್ಯವಾಗಿ ವಾಣಿಜ್ಯ ಬ್ಯಾಂಕುಗಳಿಗೆ ಮತ್ತು ದೊಡ್ಡ ಹಣಕಾಸು ಸಂಸ್ಥೆಗಳಿಗೆ. ಆದರೆ ಸಾಫ್ಟ್‌ವೇರ್ ಕೊಳ್ಳುವವರು ಅವರಷ್ಟೇ ಅಲ್ಲ. ನಮ್ಮ ಜಿಲ್ಲೆಗಳ ಸಹಕಾರಿ ಬ್ಯಾಂಕುಗಳ ನಿರ್ದೇಶಕರು, ವಿಶ್ವವಿದ್ಯಾಲಯಗಳ ಕುಲಸಚಿವರು, ನಗರಸಭೆಗಳ ಅಧಿಕಾರಿಗಳು ಈ ಲೇಖನ ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ವಾರ್ಷಿಕ ನಿರ್ವಹಣೆಯ (ಎಎಂಸಿ) ಪತ್ರ ಮೇಜಿಗೆ ಬಂದಾಗ ಬೆಲೆಯ ಸಾಲನ್ನು ಮಾತ್ರ ನೋಡಬೇಡಿ. ಸಪೋರ್ಟ್ ಯಾವ ತಾರೀಖಿಗೆ ಮುಗಿಯುತ್ತದೆ, ಮುಗಿದ ಮೇಲೆ ಲೈಸೆನ್ಸ್ ಕೀ ಯಾರು ಕೊಡುತ್ತಾರೆ, ಸೋರ್ಸ್ ಎಲ್ಲಿರುತ್ತದೆ ಎಂದು ಬರಹದಲ್ಲಿ ಕೇಳಿ. ಉತ್ತರ ಬರುವವರೆಗೆ ಸಹಿ ಹಾಕಬೇಡಿ.